ಬೆಂದ ಅನ್ನದ ತೂಕ

ನನ್ನ ಹೆಂಡತಿಯನ್ನು ನಾನು ಇಪ್ಪತ್ತಾರು ವರ್ಷ ಹಂಗಿಸಿದ್ದೇನೆ. ಕೈ ಎತ್ತಿದವನಲ್ಲ, ಕುಡಿದು ಬಂದು ಗಲಾಟೆ ಮಾಡಿದವನಲ್ಲ. ಭಾನುವಾರ ಇಗರ್ಜಿಗೆ ಬರುವವರು ನನ್ನನ್ನು ಪಾಪದ ಮನುಷ್ಯ, ಸಾಧು ಎನ್ನುತ್ತಾರೆ. ಆದರೆ ಅವಳು ದಪ್ಪವಿದ್ದಳು. ನಾಲ್ಕು ಜನ ಸೇರಿದಲ್ಲಿ ಆಡಲು ನನಗೆ ಬೇರೆ ಮಾತು ಇರಲಿಲ್ಲ.

ಕುಂಬಳೆಯ ಹತ್ತಿರ ಅನಂತಪುರದ ಕೈಗಾರಿಕಾ ಪ್ರದೇಶದಲ್ಲಿ ಕೋಳಿಯ ಆಹಾರ ತಯಾರಿಸುವ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನನಗೆ ಕೆಲಸ. ಐವತ್ತು ಕಿಲೋದ ಗೋಣಿಗಳನ್ನು ತೂಗಿಸಿ, ಬಾಯಿ ಹೊಲಿಸಿ, ಲಾರಿಗೆ ಹತ್ತಿಸುವುದು. ಪ್ರತಿ ಗೋಣಿಯ ಬಾಯಿಗೂ ಒಂದು ಚೀಟಿ ಸೇರಿಸಿ ಹೊಲಿಯುತ್ತೇವೆ. ಒಂದು ಕಿಲೋದಲ್ಲಿ ಎಷ್ಟು ಕ್ಯಾಲೊರಿ ಎಂದು ಅದರಲ್ಲಿರುತ್ತದೆ. ನಾನು ಕ್ಯಾಲೊರಿ ಎಂಬ ಮಾತನ್ನು ಮೊದಲು ಕಲಿತದ್ದು ಆ ಚೀಟಿಯಿಂದ. ಬ್ರಾಯ್ಲರ್ ಕೋಳಿ ಎಷ್ಟು ತಿಂದಿತು, ಅದರಲ್ಲಿ ಎಷ್ಟು ಮಾಂಸವಾಯಿತು, ಉಳಿದದ್ದು ಎಲ್ಲಿ ಹೋಯಿತು ಎಂದು ಫಾರ್ಮಿನವರು ದಿನವೂ ನಮ್ಮಲ್ಲಿ ಬಂದು ಜಗಳ ಮಾಡುತ್ತಾರೆ. ಹಾಗಾಗಿ ತಿಂದದ್ದಕ್ಕೂ ಮೈಗೂ ಇರುವ ಸಂಬಂಧ ನನಗೆ ಗೊತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ.

ನೆಂಟರ ಮನೆಯಲ್ಲಿ ಒಂದು ಮಗುವಿನ ನಾಮಕರಣದ ಊಟ. ಅವಳು ಎಲ್ಲರಿಗೂ ಬಡಿಸುತ್ತಿದ್ದಳು. ನಾನು ಹೇಳಿದೆ, "ನಮ್ಮ ಫ್ಯಾಕ್ಟರಿಯ ಕೋಳಿಗಿಂತ ಇವಳೇ ಲಾಭ. ಬರೇ ಗಾಳಿ ಕುಡಿದರೂ ಮಾಂಸ ಆಗ್ತದೆ."

ಎಲ್ಲರೂ ನಕ್ಕರು. ಅವಳೂ ನಕ್ಕು, ನನ್ನ ತಟ್ಟೆಗೆ ಸಾರು ಹಾಕುತ್ತಾ ಹೇಳಿದಳು: "ಕೋಳಿಯನ್ನಾದರೆ ನಲವತ್ತು ದಿನಕ್ಕೆ ಕೊಯ್ದು ಬಿಡ್ತೀರಿ ಮಾರಾಯ್ರೆ. ನನ್ನನ್ನು ಇಷ್ಟು ವರ್ಷ ಎಂತಕ್ಕೆ ಇಟ್ಟುಕೊಂಡದ್ದು?"

ಈ ಸಲ ನಗು ಇನ್ನೂ ಜೋರಾಯಿತು. ಮನೆಗೆ ಬಂದ ಮೇಲೆ ನಾನು ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಐವತ್ತು ದಾಟುವಷ್ಟರಲ್ಲಿ ಅವಳ ಎರಡೂ ಮೊಣಕಾಲು ಹೋದವು. ಮೊದಲು ಹೊಲಿಗೆ ಯಂತ್ರದ ಪೆಡಲು ಬಿಟ್ಟು ಮೋಟಾರು ಹಾಕಿಸಿದೆವು. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಅವಳಿಗೆ ಅದಕ್ಕಿಂತ ಹೆಚ್ಚು ದುಃಖ ತಂದದ್ದು ಸಂಜೆಯ ಪ್ರಾರ್ಥನೆ. ನಮ್ಮಲ್ಲಿ ಜಪಮಾಲೆ ಹಿಡಿದು ಮೊಣಕಾಲೂರಿ ಮಾಡುವ ಪ್ರಾರ್ಥನೆ ಅದು. ಮೂರು ವರ್ಷದಿಂದ ಅವಳು ಕುರ್ಚಿಯಲ್ಲಿ ಕುಳಿತು ಮಾಡುತ್ತಿದ್ದಳು, ತಪ್ಪು ಮಾಡಿದವಳ ಹಾಗೆ.

ಕ್ರಿಸ್ಮಸ್ ಕಳೆದ ಮೇಲೆ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆಯ ಡಾಕ್ಟರು ಎಕ್ಸ್‌ರೇ ನೋಡಿ, ಅವಳನ್ನು ತೂಕದ ಮೇಲೆ ನಿಲ್ಲಿಸಿದರು. ತೊಂಬತ್ತೆರಡು ಕಿಲೋ.

"ಎಪ್ಪತ್ತನಾಲ್ಕಕ್ಕೆ ಬನ್ನಿ. ಹದಿನೆಂಟು ಕಿಲೋ ಇಳಿಸಿದರೆ ಜೂನಿನಲ್ಲಿ ಮೊಣಕಾಲಿನ ಆಪರೇಶನ್ ಮಾಡುವಾ. ಇಳಿಯದಿದ್ದರೆ ನಾನು ಮುಟ್ಟುವುದಿಲ್ಲ."

"ಮತ್ತೆ ಮೊಣಕಾಲೂರಲಿಕ್ಕೆ ಆಗ್ತದಾ ಡಾಕ್ಟ್ರೆ?" ಎಂದು ಅವಳು ಕೇಳಿದಳು.

"ಮೊದಲು ನಡೀರಿ. ಊರುವುದು ಮತ್ತೆ ನೋಡುವಾ."

ಏನು ತಿನ್ನಬೇಕೆಂದು ಬರೆದುಕೊಡಲು ನಮ್ಮನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ತೆಂಕಣದ ಯಾವುದೋ ಜಿಲ್ಲೆಯಿಂದ ಬಂದ ಎಳೆ ಪ್ರಾಯದ ಹೆಂಗಸು, ಆಹಾರದ ಲೆಕ್ಕ ಕಲಿತವಳು. ಕನ್ನಡ ಬರುತ್ತಿರಲಿಲ್ಲ. ದಿನಕ್ಕೆ ಹನ್ನೆರಡು ನೂರು ಕ್ಯಾಲೊರಿ ಎಂದು ಒಂದು ಅಚ್ಚಾದ ಹಾಳೆಯಲ್ಲಿ ಪೆನ್ನಿನಿಂದ ಅಂಕೆ ತುಂಬಿಸಿದಳು. ಹಾಳೆ ಪೂರ್ತಿ ಮಲಯಾಳಂ. ಓದಲು ಬರುತ್ತದೆಯೇ ಎಂದು ನನ್ನನ್ನು ಕೇಳಿದಳು.

ನಾನು ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವನು. ನನ್ನಂಥವರು ಗಡಿಯ ಈ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಬಸ್ಸಿನಲ್ಲಿ, ಪಂಚಾಯತಿನಲ್ಲಿ, ಕೆಲಸದಲ್ಲಿ ಮಲಯಾಳಂ ನೀರಿನ ಹಾಗೆ ಆಡುತ್ತೇವೆ. ಅಕ್ಷರ ಬರುವುದಿಲ್ಲ. ಅರ್ಜಿ ಬಂದರೆ ಓದಬಲ್ಲವರನ್ನು ಹುಡುಕಿಕೊಂಡು ಹೋಗುತ್ತೇವೆ. ಆದರೆ ತಂಗಿಯ ಮಗಳ ಪ್ರಾಯದ ಅವಳ ಎದುರು ಬರುವುದಿಲ್ಲ ಎನ್ನಲು ನನ್ನ ನಾಲಿಗೆ ತಿರುಗಲಿಲ್ಲ.

"ಬರುತ್ತದೆ" ಎಂದೆ.

ಹೆಂಡತಿ ನನ್ನ ಮುಖ ನೋಡಿದಳು. ಹೊರಗೆ ಬಂದ ಮೇಲೆ ಕೇಳಿದಳು, "ನಿಮಗೆ ಯಾವಾಗ ಬಂತು ಮಲಯಾಳಂ?"

"ತಿನ್ನುವ ವಸ್ತು ಐದಾರು. ಅವಳು ಬಾಯಲ್ಲಿ ಹೇಳಿದ್ದಾಳೆ. ನಂಬ್ರ ನಂಬ್ರವೇ. ನಿನಗೆ ಬಾಯಿ ಮುಚ್ಚಲಿಕ್ಕೆ ಯಾವ ಭಾಷೆಯಲ್ಲಿ ಹೇಳಬೇಕು?"

ಬಸ್ ಸ್ಟಾಂಡಿನ ಬೆಂಚಿನಲ್ಲಿ ಕುಳಿತು ಒಂದೊಂದು ಸಾಲಿನ ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ. ಅಕ್ಕಿ ಮಧ್ಯಾಹ್ನ ಅರವತ್ತು ಗ್ರಾಂ, ರಾತ್ರಿ ಅರವತ್ತು ಗ್ರಾಂ. ಬೇಳೆ ಮೂವತ್ತು. ಮೀನು ಒಂದು ತುಂಡು. ಬೆಳಿಗ್ಗೆ ಎರಡು ಇಡ್ಲಿ. ತರಕಾರಿ, ಮಜ್ಜಿಗೆ. ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದ ಎರಡು ಸಾಲು ಇದ್ದವು. ಎಲ್ಲಾ ಕಾಗದಗಳ ಅಡಿಯಲ್ಲೂ ಅಂಥದ್ದು ಏನಾದರೂ ಇರುತ್ತದೆ. ಅದನ್ನು ಬಿಟ್ಟೆ.

ಮೊದಲ ಮೂರು ವಾರ ಅವಳು ಅಂದಾಜಿನಲ್ಲಿ ತಿಂದಳು. ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅವಳು ಕದ್ದು ತಿನ್ನುತ್ತಾಳೆ ಎಂದು ನನಗೆ ಸಂಶಯವೇ ಉಳಿಯಲಿಲ್ಲ. ಬೆಲ್ಲದ ಡಬ್ಬಿಯ ಒಳಗೆ ಪೆನ್ಸಿಲಿನ ಗೆರೆ ಹಾಕಿದೆ. ಬಾಳೆಹಣ್ಣು ಎಣಿಸಿ ಇಟ್ಟೆ. ಒಂದು ಮಧ್ಯಾಹ್ನ ಅವಳ ಹೊಲಿಗೆ ಯಂತ್ರದ ಡ್ರಾಯರನ್ನೂ ಎಳೆದು ನೋಡಿದೆ. ಬಟ್ಟೆ ಕೊಡಲು ಬಂದ ನೆರೆಮನೆಯ ಹೆಂಗಸು ಅಲ್ಲೇ ನಿಂತಿದ್ದಳು.

"ಎಂತ ಹುಡುಕ್ತೀರಿ?" ಎಂದು ನನ್ನ ಹೆಂಡತಿ ಕೇಳಿದಳು.

"ನಿನ್ನ ಕ್ಯಾಲೊರಿ."

"ಸಿಕ್ಕಿದರೆ ನನಗೂ ಸ್ವಲ್ಪ ಕೊಡಿ, ಹಸಿವಾಗ್ತದೆ."

ನೆರೆಮನೆಯವಳು ನಕ್ಕಳು. ಡ್ರಾಯರಿನಲ್ಲಿ ಗುಂಡಿಗಳು ಮಾತ್ರ ಇದ್ದವು. ಅವಳು ಆ ದಿನಗಳಲ್ಲಿ ಕದ್ದು ತಿಂದಿರಲಿಲ್ಲ, ಆಮೇಲೂ ತಿನ್ನಲಿಲ್ಲ. ಗೆರೆ ಹಾಕಿದ ಬೆಲ್ಲಕ್ಕೆ ಇರುವೆ ಬಂದು ಕೊನೆಗೆ ಡಬ್ಬಿಯನ್ನೇ ತೊಳೆಯಬೇಕಾಯಿತು.

ಜನವರಿ ಮುಗಿಯುವಾಗ ಕುಂಬಳೆಯಿಂದ ಒಂದು ಅಡುಗೆಮನೆಯ ತಕ್ಕಡಿ ತಂದೆ. ಗ್ರಾಂ ತೋರಿಸುವಂಥದ್ದು. ಇನ್ನು ಮೇಲೆ ಅವಳ ಊಟ ನನ್ನ ಕೈಯಲ್ಲಿ ಎಂದು ಹೇಳಿದೆ. ಅವಳು ಒಪ್ಪಿದಳು. ಜೂನು ಅವಳ ತಲೆಯಲ್ಲಿತ್ತು.

ನಮ್ಮ ಮನೆಯಲ್ಲಿ ಅಕ್ಕಿ ಬೇಯಿಸುವುದು ದಿನಕ್ಕೆ ಒಂದು ಸಲ. ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಇಟ್ಟರೆ ಅದೇ ಬೆಳಿಗ್ಗೆಗೆ ಗಂಜಿ, ಬಸಿದದ್ದು ಮಧ್ಯಾಹ್ನಕ್ಕೆ ಅನ್ನ, ಉಳಿದದ್ದು ರಾತ್ರಿಗೆ. ಇಬ್ಬರಿದ್ದರೂ ಹಾಗೆಯೇ, ಹತ್ತು ಜನ ಇದ್ದರೂ ಹಾಗೆಯೇ. ಒಬ್ಬರ ಪಾಲಿನ ಅಕ್ಕಿ ಎಂದು ಬೇರೆ ಅಳೆಯುವ ಕ್ರಮ ನಾನು ಯಾವ ಮನೆಯಲ್ಲೂ ಕಂಡಿಲ್ಲ. ಪಾಲು ಆಗುವುದು ತಟ್ಟೆಯಲ್ಲಿ. ಹಾಗಾಗಿ ನಾನು ತೂಗಿದ್ದೂ ತಟ್ಟೆಯಲ್ಲಿ. ತಕ್ಕಡಿಯ ಮೇಲೆ ಅವಳ ತಟ್ಟೆ ಇಟ್ಟು, ಸೊನ್ನೆ ಮಾಡಿ, ಪಾತ್ರೆಯಿಂದ ಅನ್ನ ತೆಗೆದು ಹಾಕಿದೆ. ಅರವತ್ತು ಬಂದ ಕೂಡಲೇ ನಿಲ್ಲಿಸಿದೆ. ಬೆಂದ ಬೇಳೆಯನ್ನೂ ಹಾಗೆಯೇ ತೂಗಿದೆ, ಮೂವತ್ತು. ಅನ್ನ ಎರಡು ಚಮಚ ಇತ್ತು.

ಅವಳು ನೋಡಿ, "ಇದು ನನಗಾ, ಬೆಕ್ಕಿಗಾ?" ಎಂದಳು.

"ಬೆಕ್ಕಿಗೆ ಕಾಲು ನೋವು ಇಲ್ಲ. ಅದಕ್ಕೆ ಜಾಸ್ತಿ ಹಾಕಬಹುದು."

ಫ್ಯಾಕ್ಟರಿ ಹತ್ತಿರವೇ ಇದ್ದುದರಿಂದ ಮಧ್ಯಾಹ್ನ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದೆ. ಅವಳ ಎದುರಿಗೇ ಕುಳಿತು ನನ್ನ ಊಟ ಮಾಡುತ್ತಿದ್ದೆ. ಬೇರೆ ಕೋಣೆಗೆ ಹೋಗಬಹುದಿತ್ತು, ಹೋಗಲಿಲ್ಲ. ಅಡುಗೆ ಅವಳದ್ದೇ. ಹಾಳೆಯಲ್ಲಿ ಇಲ್ಲದ್ದನ್ನು ನಾಲಿಗೆಗೆ ಮುಟ್ಟಿಸಬಾರದು ಎಂದು ರುಚಿ ನೋಡುವುದನ್ನೂ ಬಿಟ್ಟಿದ್ದಳು. ನನ್ನ ಬಾಯಿಯನ್ನು ನೋಡುತ್ತಾ ಕೇಳುತ್ತಿದ್ದಳು, "ಉಪ್ಪು ಸರಿ ಉಂಟಾ?"

ಸರಿ ಇದ್ದ ದಿನ ನಾನು ಉತ್ತರ ಕೊಡುತ್ತಿರಲಿಲ್ಲ.

ಶನಿವಾರ ಅವಳ ತೂಕ ನೋಡುವ ದಿನ. ಮನೆಯಲ್ಲಿ ನಿಂತು ತೂಗುವ ಯಂತ್ರ ಇರಲಿಲ್ಲ. ತರಬಹುದಿತ್ತು. ನಾನು ಅವಳನ್ನು ಫ್ಯಾಕ್ಟರಿಗೆ ಕರೆದುಕೊಂಡು ಹೋಗಿ, ಗೋಣಿ ತೂಗುವ ಹಲಗೆಯ ಮೇಲೆ ನಿಲ್ಲಿಸಿದೆ. ಲೋಡಿಂಗಿನವರು ಚಾ ಕುಡಿಯುತ್ತಾ ಕುಳಿತಿದ್ದರು. ಅವಳು ನನ್ನ ಭುಜ ಹಿಡಿದು ಹತ್ತಿದಳು.

"ಎರಡು ಗೋಣಿಗೆ ಎಂಟು ಕಿಲೋ ಕಡಿಮೆ" ಎಂದು ಒಬ್ಬ ಹೇಳಿದ.

"ಬಾಯಿ ಹೊಲಿಯಲಿಕ್ಕೆ ಉಂಟಾ?" ಎಂದು ಇನ್ನೊಬ್ಬ ಕೇಳಿದ.

ನಾನು ಅವರ ಜೊತೆ ನಕ್ಕೆ. ಅವಳು ಸೆರಗು ಎಳೆದುಕೊಂಡು ಇಳಿದಳು.

ಮುಂದಿನ ವಾರ ತೊಂಬತ್ತು. ಅದರ ಮುಂದಿನ ವಾರ ಎಂಬತ್ತೆಂಟು. ಆಮೇಲೆ ಶನಿವಾರ ಬಂದರೆ ಅವಳೇ ಬೇಗ ಸೀರೆ ಉಟ್ಟು ಕಾಯುತ್ತಿದ್ದಳು. ಲೋಡಿಂಗಿನವರು ಈಗ ನಂಬ್ರ ಕೇಳಿ ಕೈ ತಟ್ಟುತ್ತಿದ್ದರು. ಇಗರ್ಜಿಯಿಂದ ಹೊರಗೆ ಬರುವಾಗ ಹೆಂಗಸರು ಅವಳ ತೋಳು ಮುಟ್ಟಿ ನೋಡುತ್ತಿದ್ದರು. "ಎಂತ ಬಾಯಮ್ಮ, ಮದುಮಗಳ ಹಾಗೆ ಆಗಿದ್ದೀರಿ! ಗುಟ್ಟು ಹೇಳಿ." ಅವಳು ನನ್ನ ಕಡೆ ಬೆರಳು ತೋರಿಸುತ್ತಿದ್ದಳು. "ಇವರು. ಅಗುಳು ಲೆಕ್ಕ ಮಾಡಿ ಹಾಕ್ತಾರೆ." ಅದರಲ್ಲಿ ಹೆಮ್ಮೆಯೇ ಇತ್ತು. ನಾನು ಅವಳಿಗಾಗಿ ಇಷ್ಟು ಹೊತ್ತು ಕೊಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು.

ಮಾರ್ಚಿನಲ್ಲಿ ಅವಳ ಕೂದಲು ಉದುರತೊಡಗಿತು. ಸೆಕೆಯಲ್ಲಿ ನಾವೆಲ್ಲ ಬೆವರಿ ಒದ್ದೆಯಾಗುವಾಗ ಅವಳು ಕಾಲುಚೀಲ ಹಾಕಿ ಕೂರುತ್ತಿದ್ದಳು. ಹೊಲಿಯಲು ಕುಳಿತವಳು ಬಟ್ಟೆಯ ಮೇಲೆ ತಲೆ ಇಟ್ಟು ನಿದ್ದೆ ಹೋಗುತ್ತಿದ್ದಳು. ಮಾತು ಕಡಿಮೆಯಾಯಿತು. ನಾನು ಹಂಗಿಸಿದರೆ ತಿರುಗಿ ಹೇಳುವುದನ್ನು ಬಿಟ್ಟಳು. ಅದನ್ನು ನಾನು ಶಿಸ್ತು ಎಂದುಕೊಂಡೆ. ಕೊನೆಗೂ ಇವಳು ದಾರಿಗೆ ಬಂದಳು ಎಂದುಕೊಂಡೆ.

ಈಸ್ಟರ್ ಕಳೆದ ಎರಡನೆಯ ವಾರ ಫ್ಯಾಕ್ಟರಿಗೆ ಒಂದು ಲಾರಿ ಜೋಳ ಬಂತು. ನಮ್ಮ ಲ್ಯಾಬಿನಲ್ಲಿ ಕಣ್ಣೂರು ಕಡೆಯವರೊಬ್ಬರಿದ್ದಾರೆ, ನನ್ನದೇ ಪ್ರಾಯ. ಜೋಳ ಎಷ್ಟು ಒದ್ದೆ ಎಂದು ನೋಡುವುದು ಅವರ ಕೆಲಸ. ಅವರು ಲಾರಿಯವನನ್ನು ಬೈಯುತ್ತಿದ್ದರು.

"ನೀರಿಗೆ ಕ್ಯಾಲೊರಿ ಇಲ್ಲ ಮಾರಾಯ. ನೀನು ನೀರು ತೂಗಿ ಕೊಟ್ಟರೆ ಕೋಳಿ ಎಂತ ತಿನ್ನುವುದು?"

ಈ ಮಾತನ್ನು ನಾನು ಹತ್ತು ವರ್ಷದಿಂದ ಕೇಳುತ್ತಾ ಬಂದವನು. ಆ ದಿನ ಮಾತ್ರ ಅದು ತಲೆಯಿಂದ ಹೋಗಲಿಲ್ಲ. ಬೆಂದ ಅನ್ನದಲ್ಲಿ ಇರುವುದು ಎಂತ? ಮರುದಿನ ಹಾಳೆಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡು ಹೋದೆ. ಕನ್ನಡಕ ಮನೆಯಲ್ಲಿ ಬಿಟ್ಟಿದ್ದೇನೆ ಎಂದು ಹೇಳಿ, ಅಡಿಯ ಎರಡು ಸಾಲನ್ನು ಲ್ಯಾಬಿನವರಿಂದ ಓದಿಸಿದೆ.

ಅವರು ಓದಿದರು. ಮೇಲೆ ಬರೆದ ಅಕ್ಕಿ, ಬೇಳೆ ಎಲ್ಲವೂ ಬೇಯಿಸುವುದಕ್ಕಿಂತ ಮೊದಲಿನ ತೂಕ. ತಲೆಸುತ್ತು, ಸುಸ್ತು ಕಂಡರೆ ಕೂಡಲೇ ಬಂದು ತಿಳಿಸಬೇಕು.

"ಯಾರಿಗೆ ಚೇಟ್ಟಾ ಇದು?"

"ನೆರೆಮನೆಯವರಿಗೆ."

"ಬೆಂದದ್ದನ್ನು ತೂಗಿಯಾರು, ಸರಿಯಾಗಿ ಹೇಳಿ. ಹಾಗೆ ಕೊಟ್ಟರೆ ನಮ್ಮ ಕೋಳಿ ಮೊಟ್ಟೆ ಇಡುವುದು ಬಿಟ್ಟು ಉಯಿಲು ಬರೆದೀತು."

ನಾನು ನಕ್ಕೆ. ಸಂಜೆ ಅವಳು ಇಗರ್ಜಿಗೆ ಹೋಗಿದ್ದಾಗ ಅರವತ್ತು ಗ್ರಾಂ ಅಕ್ಕಿ ತೂಗಿ, ಸಣ್ಣ ಪಾತ್ರೆಯಲ್ಲಿ ಬೇಯಿಸಿ, ಬಸಿದು, ಮತ್ತೆ ತೂಗಿದೆ. ನೂರ ಎಪ್ಪತ್ತರ ಮೇಲೆ ಬಂತು. ಅವಳ ತಟ್ಟೆಗೆ ಹಾಕಿ ನೋಡಿದೆ. ಅದು ಊಟದ ಹಾಗೆ ಕಾಣುತ್ತಿತ್ತು. ಹನ್ನೆರಡು ನೂರು ಎಂದು ಹೇಳಿ ಅವಳಿಗೆ ನಾನು ಕೊಟ್ಟದ್ದು ಅದಕ್ಕಿಂತ ಎಷ್ಟೋ ಕಡಿಮೆ, ಅನ್ನವಂತೂ ಮೂರರಲ್ಲಿ ಒಂದೇ ಪಾಲು. ಎರಡೂವರೆ ತಿಂಗಳು.

ಬೇಯಿಸಿದ ಆ ಅನ್ನವನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಅವಳಿಗೆ ಕಾಣಬಾರದು ಎಂದು ನಾನೇ ತಿಂದೆ. ಪಾತ್ರೆ ತೊಳೆದು ಕವುಚಿ ಇಟ್ಟೆ.

ಅವಳು ಬಂದಳು. ಕೊಡೆಯನ್ನು ಊರುಗೋಲಿನ ಹಾಗೆ ಹಿಡಿದುಕೊಂಡು ಮೆಟ್ಟಿಲಿನಲ್ಲಿ ಕುಳಿತು ಸುಧಾರಿಸಿಕೊಂಡಳು. "ಇನ್ನು ಐದೂವರೆ ಕಿಲೋ" ಎಂದಳು. "ಜೂನಿಗೆ ಆಗ್ತದಲ್ಲ?"

"ಆಗ್ತದೆ" ಎಂದೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನು ಬಹಳ ಸಲ ಕೇಳಿದ್ದೇನೆ. ಅವಳಿಗೆ ಆಸೆ ಇತ್ತು, ಅದನ್ನು ಮುರಿಯಲು ಮನಸ್ಸಾಗಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬರಬಹುದು. ಅದು ಸುಳ್ಳು. ಹೇಳಿದರೆ ಓದಲು ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಇಳಿಯುವ ನಂಬ್ರ ನನ್ನದಾಗಿತ್ತು. ಊರಿನವರು ಹೊಗಳಿದ್ದು ನನ್ನನ್ನು. ಸರಿಯಾಗಿ ಉಣ್ಣಿಸಿದರೆ ಅದು ನಿಧಾನವಾಗುತ್ತಿತ್ತು. ನಿಧಾನವಾಗುವುದು ನನಗೆ ಬೇಡವಾಗಿತ್ತು.

ಮರುದಿನ ಮಧ್ಯಾಹ್ನ ಅರವತ್ತು ಗ್ರಾಂ ತೂಗಿದೆ. ಗೊತ್ತಿದ್ದು ತೂಗಿದ ಮೊದಲನೆಯ ಊಟ ಅದು.

ಒಂದು ದಿನ ಮಾತ್ರ ಎಪ್ಪತ್ತು ಹಾಕಿದೆ. ಅವಳು ತಕ್ಕಡಿಯನ್ನು ನೋಡುತ್ತಾ ಕುಳಿತಿದ್ದಳು. "ಹತ್ತು ಜಾಸ್ತಿ ಉಂಟು, ತೆಗೀರಿ" ಎಂದಳು. ನಾನು ತೆಗೆದೆ.

ಜೂನಿನ ಮೊದಲ ವಾರ ಎಪ್ಪತ್ತನಾಲ್ಕು ಬಂತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಡಾಕ್ಟರು ಹುಬ್ಬು ಗಂಟು ಹಾಕಿದರು. ಒಂದೆರಡು ಅಂಶ ಕಡಿಮೆ ಇದೆ, ಬಲ ಕಾಣುವುದಿಲ್ಲ ಎಂದರು. ನನ್ನ ಕಡೆ ತಿರುಗಿ ಕೇಳಿದರು: "ಚಾರ್ಟಿನಲ್ಲಿ ಇದ್ದಷ್ಟು ತಿಂತಾರಲ್ಲ? ಅದಕ್ಕಿಂತ ಕಡಿಮೆ ತಿಂದಿದ್ದರೆ ಹೇಳಿ. ಎರಡು ತಿಂಗಳು ಮುಂದೆ ಹಾಕುವಾ, ಅಡ್ಡಿ ಇಲ್ಲ."

ಅವಳು ನನ್ನನ್ನೇ ನೋಡುತ್ತಿದ್ದಳು. ಮುಂದೆ ಹೋಗದಿರಲಿ ಎಂದು ಅವಳ ಮುಖ ಬೇಡುತ್ತಿತ್ತು. ಅವಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬ.

"ಚಾರ್ಟಿನ ಪ್ರಕಾರವೇ ಡಾಕ್ಟ್ರೆ. ನಾನೇ ತೂಗುವುದು."

ಅವರು ಹಾಳೆ ನೋಡಿದರು. ಹಾಳೆ ಸರಿಯಾಗಿಯೇ ಇತ್ತು.

ಒಂದು ಕಾಲು ಮೊದಲು ಮಾಡಿದರು. ಮೂರನೆಯ ದಿನ ಅವಳು ಕಬ್ಬಿಣದ ಚೌಕಟ್ಟು ಹಿಡಿದು ಐದು ಹೆಜ್ಜೆ ಇಟ್ಟಳು, ನರ್ಸು ಎಣಿಸಿದಳು. ಆಮೇಲೆ ಅದಕ್ಕಿಂತ ಹೆಚ್ಚು ನಡೆಯಲಿಲ್ಲ. ಆರನೆಯ ದಿನದಿಂದ ಗಾಯ ಒಸರತೊಡಗಿತು. ಹೊಲಿಗೆ ಹಾಕಿದಲ್ಲಿ ಚರ್ಮ ಕೂಡಿಕೊಳ್ಳಲೇ ಇಲ್ಲ. ಜ್ವರ ಬಂತು, ಮತ್ತೆ ನಂಜು ಎದೆಗೆ ಇಳಿಯಿತು. ಆಸ್ಪತ್ರೆಯವರು ಈಗ ತಿನ್ನಿ ತಿನ್ನಿ ಎನ್ನುತ್ತಿದ್ದರು. ತಟ್ಟೆ ತುಂಬ ಅನ್ನ, ಮೊಟ್ಟೆ, ಹಾಲು. ಎರಡು ತುತ್ತು ತಿಂದರೆ ಅವಳಿಗೆ ಓಕರಿಕೆ ಬರುತ್ತಿತ್ತು. ಒಂದು ಸಲ ತಟ್ಟೆ ನೋಡಿ, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು:

"ನೀವು ತೂಗಿದ್ದಾ ಇದು?"

"ಹೌದು" ಎಂದೆ. ಆಗ ಇನ್ನೊಂದು ತುತ್ತು ತಿಂದಳು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ತೀರಿಕೊಂಡಳು. ಗಾಯ ಕೂಡಲಿಕ್ಕೆ ಮೈಯಲ್ಲಿ ಎಂತಾದರೂ ಇರಬೇಕಲ್ಲ, ಇರಲಿಲ್ಲ ಎಂದು ಡಾಕ್ಟರು ಹೇಳಿದರು.

ಅವಳ ತಂಗಿ ಪೆರ್ಲದಿಂದ ಬಂದಿದ್ದಳು. ಅವಳಿಗೂ ಅಕ್ಕನದೇ ಮೈಕಟ್ಟು, ಅಕ್ಕನಿಗಿಂತ ದೊಡ್ಡ ಗಂಟಲು. ಮೈಯಲ್ಲಿ ಏನೂ ಇರಲಿಲ್ಲ ಎಂಬ ಮಾತು ಕೇಳಿದ್ದೇ, ಹಾಳೆ ಬರೆದುಕೊಟ್ಟವಳ ಕೋಣೆಗೆ ನುಗ್ಗಿದಳು. ನಾನೂ ಹಿಂದೆ ಹೋದೆ.

"ನೀನು ಉಪವಾಸ ಹಾಕಿ ಕೊಂದದ್ದು ನನ್ನ ಅಕ್ಕನನ್ನು! ನಿನಗೆ ಅನ್ನ ಇಳೀತದಾ?"

ಆ ಎಳೆಯ ಹೆಂಗಸಿಗೆ ಕನ್ನಡ ಪೂರ್ತಿ ಅರ್ಥವಾಗಲಿಲ್ಲ, ವಿಷಯ ಅರ್ಥವಾಯಿತು. ತನ್ನ ಹತ್ತಿರ ಇದ್ದ ಪ್ರತಿ ತೆಗೆದು ತೋರಿಸಿದಳು. ಇಷ್ಟು ತಿಂದವರಿಗೆ ಹೀಗೆ ಆಗುವುದಿಲ್ಲ, ಆಗಲು ಸಾಧ್ಯವೇ ಇಲ್ಲ ಎಂದು ಮಲಯಾಳದಲ್ಲಿ ಹೇಳುತ್ತಾ ಅತ್ತಳು. ನನ್ನ ಕಡೆ ನೋಡಿ ಕೇಳಿದಳು, ನೀವು ಓದಿಕೊಂಡೇ ಕೊಟ್ಟಿರಲ್ಲವೇ?

ಓದಿಕೊಂಡೇ ಕೊಟ್ಟೆ ಎಂದೆ.

ಸಮಾಧಿಯ ದಿನ ಊಟದಲ್ಲಿ ನಮ್ಮ ಪಾದ್ರಿಗಳು ನನ್ನ ಕೈ ಹಿಡಿದು, ಹೆಂಡತಿಗೆ ತೂಗಿ ಉಣ್ಣಿಸಿದ ಗಂಡನನ್ನು ನಾನು ಬೇರೆ ಕಂಡಿಲ್ಲ ಎಂದರು. ಒಂದು ವರ್ಷ ಈ ಮಾತನ್ನು ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇನೆ. ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅದನ್ನು ಅವರು ದುಃಖ ಎಂದು ತಿಳಿದರು. ದುಃಖವೂ ಇತ್ತು. ಮನೆಯಲ್ಲಿ ಈಗ ನಾನೊಬ್ಬನೇ ಬೇಯಿಸಿಕೊಳ್ಳುತ್ತೇನೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂದು ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಹೆಚ್ಚಾಗುತ್ತದೆ, ಹಳಸುತ್ತದೆ, ಚೆಲ್ಲುತ್ತೇನೆ.

ವರ್ಷದ ಪೂಜೆಯ ದಿನ ತಂಗಿ ಪುನಃ ಬಂದಳು. ಮನೆಯಲ್ಲಿ ಹತ್ತು ಜನಕ್ಕೆ ಊಟ ಇಟ್ಟಿದ್ದೆವು. ಎಲ್ಲರೂ ಹೋದ ಮೇಲೆ ಅವಳು ಪಾತ್ರೆ ತೊಳೆದು, ನನಗೆ ಬಡಿಸಲು ತಟ್ಟೆ ಇಟ್ಟಳು. ಅವಳ ನಡಿಗೆ ಕುಂಟುತ್ತಿತ್ತು.

"ಬಾವ, ಆ ಹಾಳೆ ಉಂಟಾ ನಿಮ್ಮಲ್ಲಿ? ಮತ್ತೆ ತಕ್ಕಡಿ?"

"ಯಾಕೆ?"

"ನನಗೂ ಇಳಿಸಲಿಕ್ಕೆ ಹೇಳಿದ್ದಾರೆ, ಹದಿನೈದು ಕಿಲೋ. ಕಾಲು ಮಾಡಿಸಬೇಕು. ಅಕ್ಕನಿಗೆ ಎಷ್ಟು ಚಂದ ಇಳಿದಿತ್ತು! ಹಣೆಬರಹ ಬೇರೆ. ನನಗೆ ಮನೆಯಲ್ಲಿ ತೂಗಿ ಕೊಡುವ ಗಂಡ ಇಲ್ಲ, ನಾನೇ ತೂಗಿಕೊಳ್ತೇನೆ. ಅರವತ್ತು ಗ್ರಾಂ ಅಲ್ವಾ? ಅವಳು ಫೋನಿನಲ್ಲಿ ಹೇಳ್ತಿದ್ದಳು. ಎರಡು ಚಮಚ ಬರ್ತದೆ ಅಂತ."

ಹಾಳೆ ಮರದ ಕಪಾಟಿನಲ್ಲಿ ಇತ್ತು. ಕೊಟ್ಟು ಸುಮ್ಮನಿರಬಹುದು ಎಂದು ಒಂದು ಕ್ಷಣ ಯೋಚಿಸಿದ್ದೂ ನಿಜ. ಅದನ್ನು ಬರೆಯದಿದ್ದರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ.

"ಎರಡು ಚಮಚ ಅಲ್ಲ" ಎಂದೆ. "ಅಕ್ಕಿಯನ್ನು ಬೇಯಿಸುವ ಮೊದಲು ತೂಗಬೇಕು. ಬೆಂದ ಮೇಲೆ ಅದು ಮೂರು ಪಾಲು ಆಗ್ತದೆ. ಅಷ್ಟನ್ನೂ ತಿನ್ನಬೇಕು."

"ಅಕ್ಕನಿಗೆ ನೀವು ತಟ್ಟೆಯಲ್ಲಿ ತೂಗ್ತಿದ್ದದ್ದಲ್ವಾ?"

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗೆ ಇಟ್ಟಳು.

"ನಿಮಗೆ ಗೊತ್ತಿರಲಿಲ್ಲ."

"ಮೊದಲು ಗೊತ್ತಿರಲಿಲ್ಲ."

"ಯಾವಾಗ ಗೊತ್ತಾದದ್ದು?"

"ಈಸ್ಟರ್ ಕಳೆದು ಎರಡನೆಯ ವಾರ."

ಅವಳು ಬೆರಳು ಮಡಚಿ ಎಣಿಸಿದಳು. ಗಟ್ಟಿಯಾಗಿ ಎಣಿಸಲಿಲ್ಲ, ತುಟಿ ಅಲ್ಲಾಡುತ್ತಿತ್ತು. ಏಳೆಂಟು ವಾರ. ದಿನಕ್ಕೆ ಎರಡು ಸಲ. ನಾನು ಬೊಬ್ಬೆಗೆ ಕಾದೆ. ಆಸ್ಪತ್ರೆಯಲ್ಲಿ ಕೂಗಿದ ಹಾಗೆ ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳು ಪಾತ್ರೆಯನ್ನೇ ಎತ್ತಿಕೊಂಡು ಬಂದು ನನ್ನ ತಟ್ಟೆಗೆ ಅನ್ನ ಹಾಕಿದಳು. ತಟ್ಟೆ ತುಂಬುವಷ್ಟು. "ಉಣ್ಣಿ" ಎಂದಳು. ನಾನು ಉಂಡೆ. ಮುಗಿಯುವ ಮೊದಲೇ ಇನ್ನೊಮ್ಮೆ ಹಾಕಿದಳು. ಸಾರು ಹಾಕಲಿಲ್ಲ. ಮೂರನೆಯ ಸಲ ಕೈ ಅಡ್ಡ ಹಿಡಿದು ಸಾಕು ಎಂದೆ.

"ಅವಳು ಒಂದು ದಿನ ಆದರೂ ಸಾಕು ಅಂದಿದ್ದಾಳಾ ಬಾವ?"

ಕೈ ತೆಗೆದೆ. ಅವಳು ಹಾಕಿದಳು. ಒಣ ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು, ನೀರು ಕುಡಿದು ನುಂಗಿದೆ. ಪಾತ್ರೆಯ ತಳ ಕಾಣುವವರೆಗೆ ಅವಳು ನನ್ನ ಎದುರು ನಿಂತಿದ್ದಳು. ಆಮೇಲೆ ಕೈ ತೊಳೆದು, ಚೀಲ ಎತ್ತಿಕೊಂಡಳು.

"ಆ ಆಸ್ಪತ್ರೆಯ ಹುಡುಗಿಯ ಹತ್ತಿರ ನಾನು ಹೋಗ್ತೇನೆ ನಾಳೆ. ನನ್ನ ಬಾಯಿಂದ ಬಂದದ್ದನ್ನು ನಾನು ಹೇಳಿ ಬರ್ತೇನೆ. ನಿಮ್ಮದನ್ನು ಹೇಳಬೇಕಾ, ನೀವೇ ಹೋಗ್ತೀರಾ?"

"ನಾನೇ ಹೋಗ್ತೇನೆ" ಎಂದೆ.

"ನೀವು ಹೋಗಲಿಕ್ಕಿಲ್ಲ" ಎಂದಳು. ನನ್ನ ಮುಖ ನೋಡದೆ ಮೆಟ್ಟಿಲು ಇಳಿದಳು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು, ಗೋಡೆ ಹಿಡಿದುಕೊಂಡು. ಕೈ ಕೊಡಲು ಎದ್ದು ಹೋದೆ. ಅವಳು ಬೇಡ ಎಂದು ಹೇಳಲೂ ಇಲ್ಲ, ಹಿಡಿಯಲೂ ಇಲ್ಲ.

ಮನೆಯೆದುರಿನ ರಸ್ತೆಯಲ್ಲಿ ಪೆರ್ಲದ ಬಸ್ಸು ಹತ್ತಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕಂಡಕ್ಟರ್ ಒಳಗಿನಿಂದ ಕೂಗುತ್ತಿದ್ದ, "ಬೇಗ ಹತ್ತಿ ಅಮ್ಮ, ಎಂತ, ಮೈ ಭಾರವಾ?" ಬಸ್ಸಿನಲ್ಲಿದ್ದವರು ನಕ್ಕರು.

ಮರುದಿನ ನಾನು ಆಸ್ಪತ್ರೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಹೋದೆ. ಆ ಹೆಂಗಸು ಎರಡು ತಿಂಗಳ ಹಿಂದೆಯೇ ಕೆಲಸ ಬಿಟ್ಟು ಊರಿಗೆ ಹೋಗಿದ್ದಾಳೆ ಎಂದು ಅಲ್ಲಿದ್ದವರು ಹೇಳಿದರು. ಯಾಕೆ ಬಿಟ್ಟಳೆಂದು ಕೇಳಲಿಲ್ಲ. ಆ ಕುರ್ಚಿಯಲ್ಲಿ ಈಗ ಬೇರೊಬ್ಬರು ಕುಳಿತಿದ್ದರು. ನಿಮಗೆ ಏನಾಗಬೇಕು ಎಂದು ಅವರು ಮಲಯಾಳದಲ್ಲಿ ಕೇಳಿದರು. ಏನೂ ಇಲ್ಲ ಎಂದು ಹೇಳಿ ಬಂದೆ.